ಕುಡಚಿಯ ಮೇಲೆ ಹಾಯುವ ವೇಗದ ಗಾಡಿ

ತೇರದಾಳದಲ್ಲಿ ರೇಲ್ವೆ ಇಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುವದು ಲೇಸು. ರೇಲ್ವೆ ಇಲ್ಲದ ಊರಿನವನು, ಅದರಲ್ಲಿಯೂ ಶಬ್ದರೂಪ-ಧಾತುರೂಪಗಳನ್ನು ಬಾಯಿಪಾಠ ಮಾಡಿಸುತ್ತ ನಿವೃತ್ತನಾದ ಪಂತೋಜಿಯು, ವೇಗದ ಗಾಡಿಗಳ ಇತಿಹಾಸವನ್ನು ಬರೆಯಹೊರಟನೆಂದರೆ ವಾಚಕರು ನಕ್ಕಾರು. ಆದರೆ ಹಿತ್ತಲಿನಲ್ಲಿ ಬಾವಿಯಿಲ್ಲದ ಮನೆಯವರು ನೀರಿನ ಬೆಲೆಯನ್ನು ಹೆಚ್ಚಾಗಿ ಬಲ್ಲರಷ್ಟೆ! ನಮ್ಮ ಊರು ಹಳೆಯದು. ಹನ್ನೆರಡನೆಯ ಶತಮಾನದಲ್ಲಿ ಮಂಡಲಿಕ ಗೊಂಕನು ಕಟ್ಟಿಸಿದ ನೇಮಿನಾಥ ಬಸದಿಯೂ ಅದರ ಶಿಲಾಶಾಸನವೂ ಇಲ್ಲಿ ಇರುವವು. ಸಂಸ್ಥಾನಗಳ ಕಾಲದಲ್ಲಿ ತೇರದಾಳವು ಸಾಂಗಲಿಯ ಪಟವರ್ಧನರಿಗೆ ಸೇರಿತ್ತು. ಕೋರ್ಟು-ಕಚೇರಿಯ ಕೆಲಸ ಬಿದ್ದರೂ, ಅರಿಷಿಣವನ್ನು ಮಾರಬೇಕಾದರೂ ನಮ್ಮವರು ಸಾಂಗಲಿಯ ಹಾದಿಯನ್ನೇ ಹಿಡಿಯುತ್ತಿದ್ದರು. ರಬಕವಿ-ಬನಹಟ್ಟಿಗಳ ನೇಕಾರರ ಸೀರೆಯ ಗಂಟುಗಳು ಪುಣೆ, ಮುಂಬಯಿಗಳಿಗೆ ಹೋಗುತ್ತಿದ್ದವು. ಇವೆಲ್ಲವುಗಳಿಗೂ ಹೆಬ್ಬಾಗಿಲು ಒಂದೇ, ಅದು ಕುಡಚಿಯ ಸ್ಟೇಶನ್ನು. ಹಾರೂಗೇರಿಯ ಮೇಲಿನಿಂದ ಮೊದಲು ಚಕ್ಕಡಿಯಲ್ಲಿ, ಆಮೇಲೆ ಬಸ್ಸಿನಲ್ಲಿ ಅಲ್ಲಿಗೆ ಹೋಗುವದು. ಅಲ್ಲಿಂದ ಕೃಷ್ಣೆಯ ಸೇತುವೆಯನ್ನು ದಾಟಿ ಮಿರಜದ ಕಡೆಗೆ ಸಾಗುವದು. ನಮ್ಮ ಅಜ್ಜಂದಿರಿಗೆ ಜಗತ್ತು ಎಂಬುದು ಕುಡಚಿಯಿಂದ ಆರಂಭವಾಗುತ್ತಿತ್ತು.

೨೦೨೫ರ ಜನೆವರಿಯಲ್ಲಿ ಒಂದು ಮುಂಜಾನೆ ಬೀಗರನ್ನು ಗಾಡಿಗೆ ಹತ್ತಿಸುವದಕ್ಕೆಂದು ನಾನು ಆ ಸ್ಟೇಶನ್ನಿಗೆ ಹೋಗಿದ್ದೆನು. ಸಂಗಡ ಎಂಟು ವರ್ಷದ ಮೊಮ್ಮಗಳು ಇದ್ದಳು. ಇನ್ನೂ ಒಂಬತ್ತು ಗಂಟೆ ಆಗಿರಲಿಲ್ಲ. ದೂರದಲ್ಲಿ ಒಂದು ಸಿಳ್ಳು ಕೇಳಿಸಿತು. ನೋಡನೋಡುವಷ್ಟರಲ್ಲಿ ಮೀನಿನಂತೆ ಚೂಪಾದ ಮೋರೆಯ, ಎಂಟು ಡಬ್ಬಿಗಳ ಒಂದು ಗಾಡಿಯು ಗಾಳಿಯನ್ನು ಎಬ್ಬಿಸಿಕೊಂಡು ನಮ್ಮ ಮುಂದೆ ಹಾಯ್ದುಹೋಯಿತು. ಹುಡುಗಿಯು ನನ್ನ ಧೋತರವನ್ನು ಹಿಡಿದುಕೊಂಡು ಎರಡು ಪ್ರಶ್ನೆಗಳನ್ನು ಒಟ್ಟಿಗೇ ಕೇಳಿದಳು. “ಅಜ್ಜಾ, ಅದಕ್ಕ ಮೂಗು ಯಾಕ ಚೂಪ ಐತಿ? ಮತ್ತ ನಮ್ಮನ್ನ ಯಾಕ ಹತ್ತಿಸಿಕೊಳ್ಳಲಿಲ್ಲ?”

ಅದು ಹುಬ್ಬಳ್ಳಿ-ಪುಣೆಗಳ ನಡುವಿನ ವಂದೇ ಭಾರತ ಎಕ್ಸ್‌ಪ್ರೆಸ್ಸು. ೨೦೨೪ರ ಸಪ್ಟೆಂಬರ ೧೬ರಂದು ಅದರ ಸಂಚಾರಕ್ಕೆ ಚಾಲನೆ ಕೊಡಲಾಯಿತು. ಹುಡುಗಿಗೆ ಆಗ ನಾನು ಏನೋ ಹೇಳಿ ಸಮಾಧಾನ ಮಾಡಿದೆನು. ಆದರೆ ಪಂತೋಜಿಗೆ ಉತ್ತರ ತಿಳಿಯದ ಪ್ರಶ್ನೆಯು ಕಾಲಿಗೆ ಮುರಿದ ಮುಳ್ಳಿನ ಹಾಗೆ. ಮನೆಗೆ ಬಂದು ಓದಿ, ತಿಳಿದವರನ್ನು ಕೇಳಿ, ನನ್ನ ನೆನಪನ್ನೂ ಕೆದಕಿ ಸಂಗ್ರಹಿಸಿದ್ದನ್ನು ಇಲ್ಲಿ ಬರೆಯುತ್ತೇನೆ.

ಮೊದಲು ಮೂಗಿನ ಸಂಗತಿ. ಇಂಗ್ಲಿಷಿನಲ್ಲಿ ಇಂಥ ಆಕಾರಕ್ಕೆ ‘ಸ್ಟ್ರೀಮ್‌ಲೈನ್’ ಎನ್ನುವರು. ನೀರಿನ ಅಥವಾ ಗಾಳಿಯ ಧಾರೆಯು ಒಡೆಯದೆ ಮೈಸವರಿಕೊಂಡು ಹಿಂದಕ್ಕೆ ಹರಿದುಹೋಗುವಂಥ ಆಕಾರವೆಂದು ಅರ್ಥ. ‘ಧಾರಾಕೃತಿ’ ಎಂದರೆ ನಮ್ಮ ಭಾಷೆಗೆ ಒಗ್ಗೀತು. ಮೀನಿಗೆ ದೇವರು ಕೊಟ್ಟದ್ದು ಇದೇ ಆಕಾರ. ಗಾಳಿಯು ನಮಗೆ ಏನೂ ಇಲ್ಲದಂತೆ ತೋರುತ್ತದೆ. ಆದರೆ ವೇಗವು ಎರಡು ಪಟ್ಟಾದರೆ ಅದು ಒಡ್ಡುವ ಅಡ್ಡಿಯು ನಾಲ್ಕು ಪಟ್ಟಾಗುವದು, ಮೂರು ಪಟ್ಟಾದರೆ ಒಂಬತ್ತು ಪಟ್ಟಾಗುವದು. ಗಂಟೆಗೆ ೫೦ ಕಿಲೊಮೀಟರ ಓಡುವ ಗಾಡಿಗೆ ಮೋರೆಯು ಮೊಂಡಾಗಿದ್ದರೂ ಬಾಧಕವಿಲ್ಲ. ೧೫೦ರ ವೇಗದಲ್ಲಿ ಅದೇ ಮೊಂಡು ಮೋರೆಯು ಗಾಳಿಯ ಗೋಡೆಯನ್ನು ನೂಕಿಕೊಂಡು ಹೋದಂತೆ ಆಗುವದು.

ಈ ತತ್ತ್ವವನ್ನು ಪಶ್ಚಿಮದ ದೇಶಗಳವರು ಪ್ರಯಾಣಿಕರ ಗಾಡಿಗೆ ಅಳವಡಿಸಿದ್ದು ೧೯೩೦ರ ದಶಕದಲ್ಲಿ. ೧೯೩೩ರಲ್ಲಿ ಜರ್ಮನಿಯ ಬರ್ಲಿನ್ ಮತ್ತು ಹ್ಯಾಂಬರ್ಗ್ ನಗರಗಳ ನಡುವೆ ಎರಡೇ ಡಬ್ಬಿಗಳ ಒಂದು ಡೀಝೆಲ್ ಗಾಡಿಯು ಆರಂಭವಾಯಿತು. ಜನರು ಅದನ್ನು ‘ಹಾರುವ ಹ್ಯಾಂಬರ್ಗರ್’ ಎಂದರು. ೨೮೬ ಕಿಲೊಮೀಟರ ದಾರಿಯನ್ನು ಅದು ೧೩೮ ಮಿನೀಟುಗಳಲ್ಲಿ ಮುಗಿಸುತ್ತಿತ್ತು. ಮರುವರ್ಷ ಅಮೇರಿಕೆಯಲ್ಲಿ ‘ಝೆಫಿರ್’ ಎಂಬ ತುಕ್ಕುಹಿಡಿಯದ ಉಕ್ಕಿನ ಗಾಡಿ ಹೊರಟಿತು. ಇಂಗ್ಲಂಡದಲ್ಲಿ ೧೯೩೮ರ ಜುಲೈ ೩ರಂದು ‘ಮ್ಯಾಲರ್ಡ್’ ಎಂಬ ಧಾರಾಕೃತಿಯ ಉಗಿ ಎಂಜಿನ್ನು ಗಂಟೆಗೆ ೧೨೬ ಮೈಲು ಓಡಿತು. ಇದರಲ್ಲಿ ವಿಜ್ಞಾನವೆಷ್ಟೋ ಅಷ್ಟೇ ಬೆಡಗೂ ಇತ್ತೆಂಬುದನ್ನು ಮರೆಯಲಾಗದು. ಆ ದಶಕದಲ್ಲಿ ಎಲ್ಲಿಗೂ ಓಡದ ಸಾಮಾನುಗಳಿಗೂ ಅದೇ ಆಕಾರವನ್ನು ಕೊಟ್ಟು ಮಾರಿದರಂತೆ. ಜಪಾನದವರು ೧೯೬೪ರ ಅಕ್ಟೋಬರ ೧ರಂದು ಟೋಕಿಯೋ-ಓಸಾಕಾಗಳ ನಡುವೆ ಗಂಟೆಗೆ ೨೧೦ ಕಿಲೊಮೀಟರ ವೇಗದ ಗಾಡಿಯನ್ನು ಓಡಿಸಿದರು. ಅವರ ಮುಂದಿನ ಗಾಡಿಗಳು ಸುರಂಗದಿಂದ ಹೊರಬೀಳುವಾಗ ತೋಪು ಹಾರಿಸಿದಂಥ ಸಪ್ಪಳವಾಗಿ ನೆರೆಹೊರೆಯವರು ಬೇಸತ್ತರು. ಪಕ್ಷಿಗಳನ್ನು ನೋಡುವ ಹವ್ಯಾಸವಿದ್ದ ಅಲ್ಲಿಯ ಎಂಜಿನಿಯರನೊಬ್ಬನು ಮಿಂಚುಳ್ಳಿಯ ಕೊಕ್ಕನ್ನು ಗಮನಿಸಿದನು. ಆ ಹಕ್ಕಿಯು ನೀರು ಸಿಡಿಯದಂತೆ ಮುಳುಗುತ್ತದೆ. ೧೯೯೭ರಲ್ಲಿ ಹೊರಟ ಗಾಡಿಗೆ ಅದೇ ಕೊಕ್ಕಿನ ಮಾದರಿಯ ಮೂಗು ಬಂದಿತು. ರಬಕವಿಯ ಕಡೆಗೆ ಹೊಳೆಯ ದಂಡೆಯಲ್ಲಿ ಕುಳಿತು ಮಿಂಚುಳ್ಳಿಯನ್ನು ನಾನೂ ಬಹಳ ಸಲ ನೋಡಿದ್ದೇನೆ, ಆದರೆ ನನಗೆ ಕಂಡದ್ದು ಅದರ ಬಣ್ಣ ಮಾತ್ರ.

ನಮ್ಮ ದೇಶಕ್ಕೆ ೧೯೪೭ರಲ್ಲಿ ಅಮೇರಿಕೆಯಿಂದ ಬಂದ ‘ಡಬ್ಲ್ಯೂ-ಪಿ’ ಎಂಬ ಉಗಿ ಎಂಜಿನ್ನುಗಳಿಗೆ ಬಂದೂಕಿನ ಗುಂಡಿನಂಥ ಮೂಗು ಇತ್ತು. ಅವು ಅಗಲ ಹಳಿಯವು. ಕುಡಚಿಯ ಹಾದಿಗೆ ಬರುವಂತೆ ಇರಲಿಲ್ಲ. ಇಲ್ಲಿಂದ ನಮ್ಮ ಕಥೆಯು ಬೇರೆಯಾಗುವದು.

ನಮ್ಮ ಕಡೆಗೆ ರೇಲ್ವೆಯನ್ನು ತಂದದ್ದು ೧೮೮೨ರಲ್ಲಿ ಸ್ಥಾಪಿತವಾದ ಸದರ್ನ್ ಮರಾಠಾ ರೇಲ್ವೆ ಕಂಪನಿ. ಆ ದಶಕದಲ್ಲಿ ಅದು ಹುಬ್ಬಳ್ಳಿ, ಗದಗ, ಬಾಗಲಕೋಟೆ, ಬೆಳಗಾವಿ, ಮಿರಜ ಮೊದಲಾದ ಊರುಗಳನ್ನು ಪೋಣಿಸುತ್ತ ಪುಣೆಯ ಕಡೆಗೆ ಸಾಗಿತು. ೧೯೦೮ರಲ್ಲಿ ಮದ್ರಾಸಿನ ಕಂಪನಿಯೊಡನೆ ಕೂಡಿ ಮದ್ರಾಸ್ ಎಂಡ್ ಸದರ್ನ್ ಮರಾಠಾ ಆಯಿತು. ಹಳಿಗಳ ನಡುವಿನ ಅಂತರವನ್ನು ಅವರು ಒಂದು ಮೀಟರ ಮಾತ್ರ ಇಟ್ಟರು. ಕಡಿಮೆ ಖರ್ಚು, ಬೇಗ ಕೆಲಸ. ಆದರೆ ಮುಂಬಯಿಯಿಂದ ಘಟ್ಟವನ್ನು ಹತ್ತಿ ಪುಣೆಗೆ ಬಂದ ಹಳಿಯ ಅಗಲವು ಐದೂವರೆ ಅಡಿ. ಹೀಗೆ ಒಂದೇ ದೇಶದಲ್ಲಿ ಎರಡು ಅಳತೆಯ ಹಾದಿಗಳು ಬಿದ್ದು, ಅವು ಕೂಡುವಲ್ಲೆಲ್ಲ ಮನುಷ್ಯರೂ ಮೂಟೆಗಳೂ ಇಳಿದು ಹತ್ತಬೇಕಾಯಿತು.

ಪುಣೆಯಲ್ಲಿ ನಮ್ಮ ಸಣ್ಣ ಹಳಿಯ ಗಾಡಿಯಿಂದ ಇಳಿದವರು ಅಗಲ ಹಳಿಯ ಕಡೆಗೆ ನಡೆದುಹೋಗಿ ಕಣ್ಣರಳಿಸಿ ನೋಡುತ್ತಿದ್ದ ಗಾಡಿಯೊಂದಿತ್ತು. ಅದೇ ‘ಡೆಕ್ಕನ್ ಕ್ವೀನ್’. ‘ದಕ್ಷಿಣ’ ಎಂಬುದು ಪ್ರಾಕೃತದಲ್ಲಿ ‘ದಕ್ಖಿಣ’ವಾಗಿ, ಕ್ರಮದಿಂದ ‘ದಖ್ಖನ’ವಾಗಿ, ಸಾಹೇಬರ ಬಾಯಲ್ಲಿ ‘ಡೆಕ್ಕನ್’ ಆಯಿತು. ಆದ್ದರಿಂದ ಆ ಹೆಸರಿನ ಅರ್ಧ ಭಾಗವಾದರೂ ನಮ್ಮದೇ ಎಂದು ನಾನು ತರಗತಿಯಲ್ಲಿ ಹೇಳುತ್ತಿದ್ದೆನು. ಇಬ್ಬರು ಮೂವರು ಹುಡುಗರು ನಗುತ್ತಿದ್ದರು, ಉಳಿದವರು ಗಂಟೆ ಬಾರಿಸುವದನ್ನು ಕಾಯುತ್ತಿದ್ದರು.

ಈ ಗಾಡಿಯ ಇತಿಹಾಸವನ್ನು ತುಸು ವಿಸ್ತರಿಸಿ ಹೇಳಬೇಕು. ಇಂದಿನ ವೇಗದ ಗಾಡಿಗಳಿಗೆ ಅದು ಹಿರಿಯಕ್ಕ. ಮುಂಬಯಿ-ಪುಣೆಗಳ ನಡುವೆ ಖಂಡಾಲೆಯ ಘಟ್ಟದಲ್ಲಿ ೩೭ ಅಡಿ ನಡೆದರೆ ಒಂದು ಅಡಿ ಏರುವಂಥ ಕಡಿದಾದ ಹಾದಿ ಇದೆ. ೧೮೬೩ರಲ್ಲಿ ಈ ಹಾದಿ ಆದಾಗ ಗಾಡಿಯು ಒಂದು ಕಡೆಯಲ್ಲಿ ನಿಂತು, ದಿಕ್ಕು ತಿರುಗಿಸಿ, ಹಿಂದುಮುಂದಾಗಿ ಏರಬೇಕಾಗಿತ್ತು. ೧೯೨೯ರಲ್ಲಿ ಆ ತೊಡಕನ್ನು ತಪ್ಪಿಸಿ ಹೊಸ ಹಾದಿ ಮಾಡಿದರು. ಅದೇ ವರ್ಷ ಪುಣೆಯವರೆಗೆ ವಿದ್ಯುತ್ ತಂತಿಯೂ ಬಂದಿತು. ಇಷ್ಟಾದ ಮೇಲೆಯೇ, ೧೯೩೦ರ ಜೂನ ೧ರಂದು, ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೇಲ್ವೆಯವರು ಡೆಕ್ಕನ್ ಕ್ವೀನನ್ನು ಓಡಿಸಿದರು. ಏಳೇಳು ಡಬ್ಬಿಗಳ ಎರಡು ಜೋಡಣೆಗಳು: ಒಂದಕ್ಕೆ ಬೆಳ್ಳಿಯ ಬಣ್ಣ, ಕಡುಗೆಂಪು ಅಂಚು, ಇನ್ನೊಂದಕ್ಕೆ ರಾಜನೀಲಿ, ಬಂಗಾರದ ಗೆರೆ. ಇಳಕಲ್ಲಿನ ಸೀರೆಗಳನ್ನೇ ಹಾಸಿಟ್ಟಂತೆ ಇದ್ದಿರಬೇಕು. ಕೆಳಗಿನ ಚೌಕಟ್ಟುಗಳು ಇಂಗ್ಲಂಡದಿಂದ ಬಂದಿದ್ದವು, ಮೇಲಿನ ಕಟ್ಟಡವು ಮುಂಬಯಿಯ ಮಾಟುಂಗಾ ಕಾರಖಾನೆಯದು. ಮೊದಲು ವಾರದ ಕೊನೆಗೆ ಮಾತ್ರ ಓಡುತ್ತಿತ್ತು, ಮುಂದೆ ನಿತ್ಯವೂ ಓಡಹತ್ತಿತು. ಮೂಗು ಚೂಪಾಗಿರಲಿಲ್ಲ. ಆದರೂ ಆ ಗಾಡಿಯು ವೇಗದ್ದೆಂದು ಹೆಸರಾಯಿತು. ವಾಚಕರು ಈ ಸಂಗತಿಯನ್ನು ನೆನಪಿನಲ್ಲಿಡಬೇಕು: ಹಾದಿಯು ಮೊದಲು ನೆಟ್ಟಗಾಯಿತು, ಗಾಡಿ ಆಮೇಲೆ ಬಂದಿತು.

ನಮ್ಮ ತಂದೆಯವರು ಬನಹಟ್ಟಿಯ ಸೀರೆಗಳ ಗಂಟನ್ನು ಹೊತ್ತು ವರ್ಷಕ್ಕೆ ಎರಡು ಮೂರು ಸಲ ಮುಂಬಯಿಗೆ ಹೋಗುತ್ತಿದ್ದರು. ಮೊದಮೊದಲು ಅವರು ಡೆಕ್ಕನ್ ಕ್ವೀನನ್ನು ಹೊರಗಿನಿಂದ ಮಾತ್ರ ನೋಡಿದ್ದರು. ಆರಂಭದಲ್ಲಿ ಅದಕ್ಕೆ ಇದ್ದವು ಮೊದಲನೆಯ ಮತ್ತು ಎರಡನೆಯ ವರ್ಗಗಳು ಮಾತ್ರ. ಗಂಟು ಹೊತ್ತವನಿಗೆ ಒಳಗೆ ಎಡೆಯಿರಲಿಲ್ಲ. ೧೯೫೫ರ ಜೂನಿನಲ್ಲಿ ಮೂರನೆಯ ವರ್ಗದ ಡಬ್ಬಿಗಳನ್ನು ಜೋಡಿಸಿದರು. ಅದಾದ ಮೇಲೆ ಅವರು ಒಮ್ಮೆ ಟಿಕೀಟು ಕೊಂಡು ಹತ್ತಿದರು. ಮನೆಗೆ ಬಂದು ಹೇಳಿದ್ದು ವೇಗದ ವಿಷಯವಲ್ಲ. “ಒಂದು ಡಬ್ಬಿಯಿಂದ ಇನ್ನೊಂದಕ್ಕ ಒಳಗಿಂದನ ಹೋಗಬಹುದು, ಊಟದ ಡಬ್ಬಿನ ಬ್ಯಾರೆ ಐತಿ” ಎಂದು. ತಾಯಿಯವರು ಅದನ್ನು ನಂಬಲಿಲ್ಲ. ಓಡುವ ಗಾಡಿಯಲ್ಲಿ ಮೇಜಿನ ಮುಂದೆ ಕುಳಿತು ಉಣ್ಣುವದು ಅವರಿಗೆ ಕಟ್ಟುಕಥೆಯಾಗಿಯೇ ಉಳಿಯಿತು.

ಈ ಎರಡು ಅಳತೆಯ ಹಾದಿಗಳು ನಮ್ಮ ಮನೆಗೆ ಮಾಡಿದ್ದನ್ನು ಹೇಳಲೇಬೇಕು. ೧೯೭೧ರಲ್ಲಿ ಪುಣೆಯಿಂದ ಮಿರಜದವರೆಗಿನ ಹಳಿಯು ಅಗಲವಾಯಿತು. ಮುಂಬಯಿಯ ಗಾಡಿಯು ನೇರವಾಗಿ ಮಿರಜ-ಕೊಲ್ಹಾಪುರಗಳಿಗೆ ಬರಹತ್ತಿತು. ಆ ಕಡೆಯವರಿಗೆ ಹಬ್ಬವೇ ಆಯಿತು. ನಮಗೆ ಮಾತ್ರ ಇಳಿದು ಹತ್ತುವ ಜಾಗವು ಪುಣೆಯಿಂದ ಮಿರಜಕ್ಕೆ ಸರಿಯಿತು, ಅಷ್ಟೆ.

೧೯೭೭ರ ಶ್ರಾವಣದಲ್ಲಿ ಪುಣೆಯಿಂದ ತಾರು ಬಂದಿತು. ನನ್ನ ಸೋದರತ್ತೆ ಹಾಸಿಗೆ ಹಿಡಿದಿದ್ದಳು. ತಂದೆಯವರನ್ನು ನೋಡಬೇಕೆಂದು ಬಡಬಡಿಸುತ್ತಿದ್ದಳಂತೆ. ನನಗೆ ಹನ್ನೆರಡು ವರ್ಷ, ನನ್ನನ್ನೂ ಕರೆದುಕೊಂಡು ಹೊರಟರು. ಮಳೆ ಹಿಡಿದಿತ್ತು. ಮಳೆಯ ದೆಸೆಯಿಂದ ನಮ್ಮ ಗಾಡಿಯು ತಡವಾಗಿ ಮಿರಜವನ್ನು ಮುಟ್ಟಿತು. ಒಂದು ಕೈಯಲ್ಲಿ ನನ್ನನ್ನು, ಇನ್ನೊಂದರಲ್ಲಿ ಚೀಲವನ್ನು ಹಿಡಿದುಕೊಂಡು ತಂದೆಯವರು ಸೇತುವೆಯ ಮೆಟ್ಟಿಲುಗಳನ್ನು ಏರಿ ಇಳಿದರು. ಅಗಲ ಹಳಿಯ ಪ್ಲಾಟಫಾರ್ಮಿಗೆ ಹೋದಾಗ ಪುಣೆಯ ಗಾಡಿಯ ಹಿಂದಿನ ಕೆಂಪು ದೀಪವು ಮಾತ್ರ ಕಂಡಿತು. ಆ ರಾತ್ರಿ ಪ್ಲಾಟಫಾರ್ಮಿನ ಮೇಲೆಯೇ ಕಳೆದೆವು. ನಾನು ಚೀಲದ ಮೇಲೆ ತಲೆಯಿಟ್ಟು ನಿದ್ರೆ ಮಾಡಿದೆನು, ತಂದೆಯವರು ಕುಳಿತೇ ಇದ್ದರು. ಮರುದಿನ ಪುಣೆಯನ್ನು ಸೇರುವಷ್ಟರಲ್ಲಿ ಅತ್ತೆಯ ಮನೆಯ ಅಂಗಳವನ್ನು ತೊಳೆದು ಮುಗಿಸಿದ್ದರು. ಬಾಗಿಲಲ್ಲಿ ಮಾವನವರು ಸುಮ್ಮನೆ ನಿಂತಿದ್ದರು. ತಂದೆಯವರು ಈ ಸಂಗತಿಯನ್ನು ಮುಂದೆ ಎಂದೂ ಎತ್ತಲಿಲ್ಲ. ಆದರೆ ಮಿರಜ ಎಂಬ ಹೆಸರು ಬಂದಾಗಲೆಲ್ಲ ಮಾತನ್ನು ಬದಲಿಸುತ್ತಿದ್ದರು.

ಮಿರಜದಿಂದ ಬೆಳಗಾವಿ, ಹುಬ್ಬಳ್ಳಿಗಳ ಕಡೆಗಿನ ಹಳಿಯು ಅಗಲವಾದದ್ದು ೧೯೯೦ರ ದಶಕದಲ್ಲಿ. ಅಂದಿನಿಂದ ಇಳಿದು ಹತ್ತುವದು ತಪ್ಪಿತು. ನನ್ನ ಮಟ್ಟಿಗೆ, ಈ ಹಾದಿಯಲ್ಲಿ ಆದ ಅತ್ಯಂತ ದೊಡ್ಡ ಸುಧಾರಣೆಯು ಇದೇ. ಇದಕ್ಕೆ ಯಾವ ಬಣ್ಣವೂ ಇರಲಿಲ್ಲ, ಚೂಪು ಮೂಗೂ ಇರಲಿಲ್ಲ; ಆದ್ದರಿಂದ ಯಾರೂ ಅದರ ಹುಟ್ಟುಹಬ್ಬವನ್ನು ಮಾಡುವದಿಲ್ಲ. (ಡೆಕ್ಕನ್ ಕ್ವೀನಿನ ಹುಟ್ಟುಹಬ್ಬವನ್ನು ಪುಣೆಯ ಪ್ರಯಾಣಿಕರು ಪ್ರತಿವರ್ಷ ಜೂನ ೧ರಂದು ಆಚರಿಸುವರು.) ಆಮೇಲೆ ಜೋಡಿ ಹಳಿಯ ಕೆಲಸ ನಡೆದು, ಲೋಂಡಾದಿಂದ ಬೆಳಗಾವಿಯ ಮೇಲೆ ಘಟಪ್ರಭೆಯವರೆಗಿನ ಭಾಗವು ೨೦೨೩ರ ಫೆಬ್ರುವರಿಯಲ್ಲಿ ಲೋಕಾರ್ಪಣವಾಯಿತು. ವಿದ್ಯುತ್ ತಂತಿಯೂ ಬಂದಿತು. ಹಾದಿ ಸಿದ್ಧವಾಯಿತು, ಇನ್ನು ಗಾಡಿ.

ಆ ಗಾಡಿಯು ಹುಟ್ಟಿದ್ದು ಮದ್ರಾಸಿನ ಪೆರಂಬೂರಿನಲ್ಲಿ. ಡೆಕ್ಕನ್ ಕ್ವೀನಿನ ಹಳೆಯ ಡಬ್ಬಿಗಳನ್ನು ೧೯೬೬ರಲ್ಲಿ ತೆಗೆದಾಗ ಹೊಸವನ್ನು ಮಾಡಿಕೊಟ್ಟದ್ದೂ ಅದೇ ಕಾರಖಾನೆಯೇ. ೨೦೧೮ರಲ್ಲಿ ಸಿದ್ಧವಾದ್ದರಿಂದ ಮೊದಲು ಅದಕ್ಕೆ ‘ಟ್ರೇನ್ ೧೮’ ಎಂಬ ಹೆಸರಿತ್ತು. ೨೦೧೯ರ ಫೆಬ್ರುವರಿ ೧೫ರಂದು ದಿಲ್ಲಿ-ವಾರಾಣಸಿಗಳ ನಡುವೆ ಮೊದಲನೆಯ ವಂದೇ ಭಾರತವು ಹೊರಟಿತು. ಕರ್ನಾಟಕಕ್ಕೆ ಅದು ೨೦೨೨ರ ನವೆಂಬರ ೧೧ರಂದು ಮೈಸೂರು-ಬೆಂಗಳೂರು-ಚೆನ್ನೈ ಹಾದಿಯಲ್ಲಿ ಬಂದಿತು. ೨೦೨೩ರ ಜೂನ ೨೭ರಂದು ಬೆಂಗಳೂರು-ಧಾರವಾಡಗಳ ನಡುವೆ, ಆಮೇಲೆ ನಾನು ಹೇಳಿದ ಪುಣೆಯ ಗಾಡಿ, ೨೦೨೫ರ ಆಗಸ್ಟ ೧೦ರಂದು ಬೆಳಗಾವಿ-ಬೆಂಗಳೂರುಗಳ ನಡುವೆ. ಇದಕ್ಕೆ ಬೇರೆ ಎಂಜಿನ್ನು ಇಲ್ಲ. ಎಳೆಯುವ ಮೋಟರುಗಳನ್ನು ಡಬ್ಬಿಗಳ ಅಡಿಯಲ್ಲಿಯೇ ಹಂಚಿಟ್ಟಿರುವರು. ಒಂದು ದೊಡ್ಡ ಎತ್ತಿನ ಬದಲಾಗಿ ಹಲವು ಹೋರಿಗಳನ್ನು ಸಾಲಾಗಿ ಕಟ್ಟಿದಂತೆ. ಅದರಿಂದ ನಿಂತಲ್ಲಿಂದ ಒಂದು ನಿಮಿಷದೊಳಗೆ ಗಂಟೆಗೆ ನೂರು ಕಿಲೊಮೀಟರದ ವೇಗಕ್ಕೆ ಏರಬಲ್ಲದು. ಎರಡೂ ತುದಿಗೆ ಚಾಲಕನ ಕೋಣೆ ಇರುವದರಿಂದ ಎಂಜಿನ್ನನ್ನು ಬಿಚ್ಚಿ ತಿರುಗಿಸುವ ಗೋಜೂ ಇಲ್ಲ.

ಇಷ್ಟೆಲ್ಲ ಇದ್ದರೂ ಒಂದು ಲೆಕ್ಕವನ್ನು ವಾಚಕರು ನನ್ನ ಸಂಗಡ ಮಾಡಬೇಕು. ಆರಂಭದ ವೇಳಾಪಟ್ಟಿಯಂತೆ ಈ ಗಾಡಿಯು ಮುಂಜಾನೆ ೫ ಗಂಟೆಗೆ ಹುಬ್ಬಳ್ಳಿಯನ್ನು ಬಿಟ್ಟು ಮಧ್ಯಾಹ್ನ ೧-೩೦ಕ್ಕೆ ಪುಣೆಯನ್ನು ಸೇರುವದು. ೫೫೮ ಕಿಲೊಮೀಟರ, ಎಂಟೂವರೆ ಗಂಟೆ. ಸರಾಸರಿ ಗಂಟೆಗೆ ೬೫-೬೬ ಕಿಲೊಮೀಟರ ಆಯಿತು. ೧೯೩೩ರ ಆ ಎರಡು ಡಬ್ಬಿಯ ಜರ್ಮನ್ ಗಾಡಿಯ ಸರಾಸರಿಯು ೧೨೪! ಗಂಟೆಗೆ ೧೬೦ ಓಡಬಲ್ಲ ಗಾಡಿಯನ್ನು ನಾವು ತಂದೆವು. ತಿರುವು, ಏರು, ದಟ್ಟಣೆಗಳ ಹಾದಿಯು ಅದನ್ನು ಅದರ ಅರ್ಧದಷ್ಟೂ ಓಡಗೊಡಲಿಲ್ಲ. ಮೊಮ್ಮಗಳ ಮೊದಲನೆಯ ಪ್ರಶ್ನೆಗೆ ನನ್ನ ಉತ್ತರ ಇದು: ಮೂಗು ಚೂಪಾಗಿರುವದು ಗಾಳಿಯನ್ನು ಸೀಳುವದಕ್ಕೆ, ನಮ್ಮ ಕಡೆಗೆ ಅದಕ್ಕೆ ಇನ್ನೂ ಬಹಳ ಕೆಲಸ ಬಿದ್ದಿಲ್ಲ.

ಎರಡನೆಯ ಪ್ರಶ್ನೆ ಬಿಗಿಯಾದದ್ದು. ಆರಂಭದ ನಿಲುಗಡೆಗಳಲ್ಲಿ ಧಾರವಾಡ, ಬೆಳಗಾವಿ, ಮಿರಜಗಳ ಹೆಸರಿತ್ತು, ಕುಡಚಿಯದು ಇರಲಿಲ್ಲ. ಎಲ್ಲ ಊರವರೂ ‘ನಮ್ಮಲ್ಲಿ ನಿಲ್ಲಲಿ’ ಎಂದರೆ ಎಕ್ಸ್‌ಪ್ರೆಸ್ಸು ಪ್ಯಾಸೆಂಜರ ಆಗುವದೆಂಬುದನ್ನು ನಾನು ಒಪ್ಪುತ್ತೇನೆ. ಆದರೆ ಬೇಗನೆ ವೇಗಕ್ಕೆ ಏರುವದೇ ಈ ಗಾಡಿಯ ಗುಣವಾಗಿದ್ದರೆ, ನಿಲ್ಲುವದರಿಂದ ಅದಕ್ಕೆ ಆಗುವ ನಷ್ಟವೂ ಉಳಿದ ಗಾಡಿಗಳಿಗಿಂತ ಕಡಿಮೆಯಷ್ಟೆ? ಇನ್ನು ದರ. ಎಲ್ಲ ಡಬ್ಬಿಗಳೂ ತಂಪು ಮಾಡಿದ ಕುರ್ಚಿಯವು. ಮಗ್ಗದ ಮುಂದೆ ಕುಳಿತು ದುಡಿಯುವವನು ಆ ಟಿಕೀಟು ಕೊಳ್ಳುವ ಮುನ್ನ ಎರಡು ಸಲ ವಿಚಾರಿಸುವನು. ಡೆಕ್ಕನ್ ಕ್ವೀನಿಗೆ ಮೂರನೆಯ ವರ್ಗವು ಬರಲು ಇಪ್ಪತ್ತೈದು ವರ್ಷ ಹಿಡಿಯಿತು. ಇದಕ್ಕೆ ಅಷ್ಟು ಹಿಡಿದರೆ ನಾನು ನೋಡುವದಿಲ್ಲ.

ನಿಜವಾಗಿ ನೋಡಿದರೆ ತೇರದಾಳದವನ ಪ್ರಯಾಣವು ಕುಡಚಿಯಲ್ಲಿ ಆರಂಭವಾಗುವದಿಲ್ಲ, ತನ್ನ ಮನೆಯ ಹೊಸ್ತಿಲಲ್ಲಿ ಆರಂಭವಾಗುವದು. ಬಾಗಲಕೋಟೆಯಿಂದ ಲೋಕಾಪುರ, ಮುಧೋಳ, ಜಮಖಂಡಿ, ತೇರದಾಳಗಳ ಮೇಲೆ ಕುಡಚಿಯವರೆಗೆ ಸುಮಾರು ೧೪೨ ಕಿಲೊಮೀಟರ ಉದ್ದದ ಹೊಸ ಹಾದಿಯು ೨೦೧೦-೧೧ರಲ್ಲಿ ಮಂಜೂರಾಯಿತು. ರಾಜ್ಯ ಸರಕಾರವೂ ಅದರ ವೆಚ್ಚದಲ್ಲಿ ಪಾಲನ್ನು ವಹಿಸಿತು. ಬಾಗಲಕೋಟೆಯ ಕಡೆಯಿಂದ ಖಜ್ಜಿಡೋಣಿಯವರೆಗೆ ಹಳಿ ಬಿದ್ದು, ಅಲ್ಲಿಂದ ಲೋಕಾಪುರದ ಕಡೆಗೆ ಕೆಲಸವು ಸಾಗಿತು. ಮಂಜೂರಾದ ವರ್ಷ ನನ್ನ ಕೈಯಲ್ಲಿ ಒಂದನೆಯ ಇಯತ್ತೆಗೆ ಬಂದ ಮಕ್ಕಳು ಈಗ ಮಗ್ಗದ ಮುಂದೆ, ಹೊಲದಲ್ಲಿ, ಪುಣೆಯ ಕಾರಖಾನೆಗಳಲ್ಲಿ ದುಡಿಯುವ ವಯಸ್ಸಿಗೆ ಬಂದಿರುವರು. ಜಮಖಂಡಿಯಿಂದ ಕುಡಚಿಗೆ ಸಾದಾ ಮೋರೆಯ ಗಾಡಿಯೊಂದು ದಿನಕ್ಕೆ ಎರಡು ಸಲ ಓಡಿದರೂ ಅದು ನಮ್ಮ ಪಾಲಿಗೆ ಆ ಚೂಪು ಮೂಗಿನ ಗಾಡಿಗಿಂತ ಹೆಚ್ಚು ವೇಗದ್ದು. ಎರಡರಲ್ಲಿ ಒಂದನ್ನೇ ಆರಿಸೆಂದು ಯಾರಾದರೂ ನನ್ನನ್ನು ಕೇಳಿದರೆ ಕ್ಷಣವೂ ತಡವರಿಸಲಾರೆನು.

ಆದರೂ ಹುಡುಗಿಗೆ ಕೊಟ್ಟ ಮಾತಿತ್ತು. ಫೆಬ್ರುವರಿಯಲ್ಲಿ ಒಂದು ದಿನ ನಸುಕಿನಲ್ಲಿ ಬಸ್ಸು ಹಿಡಿದು, ಕುಡಚಿಯನ್ನು ದಾಟಿ ಮಿರಜಕ್ಕೇ ಹೋಗಿ ಆ ಗಾಡಿಯನ್ನು ಹತ್ತಿದೆವು. ಹತ್ತುವ ಮುನ್ನ ಅವಳು, “ಅಜ್ಜಾ, ನೀ ಮಲಗಿದ್ದ ಜಾಗಾ ಯಾವುದು?” ಎಂದು ಕೇಳಿದಳು. ಮನೆಯಲ್ಲಿ ಆ ಕಥೆಯನ್ನು ಯಾರೋ ಹೇಳಿದ್ದರೆಂದು ತೋರುತ್ತದೆ. ನಾನು ಸುತ್ತಲೂ ನೋಡಿದೆನು. ಸಣ್ಣ ಹಳಿಯು ಕಿತ್ತುಹೋಗಿ ಎಷ್ಟೋ ವರ್ಷಗಳಾಗಿವೆ. ಯಾವ ಕಂಬ, ಯಾವ ಮೆಟ್ಟಿಲು ಎಂದು ಗುರುತು ಹತ್ತಲಿಲ್ಲ. ಸುಮ್ಮನೆ ಒಂದು ಬಾಕನ್ನು ತೋರಿಸಿದೆನು. ಅವಳು ಹೋಗಿ ಅದರ ಮೇಲೆ ಒಂದು ನಿಮಿಷ ಕುಳಿತು ಬಂದಳು.

ಮಧ್ಯಾಹ್ನ ಪುಣೆಯಲ್ಲಿ ಇಳಿದು ಅತ್ತೆಯ ಮಗನ ಮನೆಯಲ್ಲಿ ಊಟ ಮಾಡಿದೆವು. ರಾತ್ರಿ ಎಂಟೂವರೆಯ ಸುಮಾರಿಗೆ ಮತ್ತೆ ಸ್ಟೇಶನ್ನಿಗೆ ಹೋಗಿ, ಮುಂಬಯಿಯಿಂದ ಬರುವ ಡೆಕ್ಕನ್ ಕ್ವೀನನ್ನು ಕಾಯ್ದೆವು. ೨೦೨೨ರಲ್ಲಿ ಅದಕ್ಕೆ ಹೊಸ ಡಬ್ಬಿಗಳು ಬಂದಿವೆ. ಊಟದ ಡಬ್ಬಿಯನ್ನು ಮಾತ್ರ ಬಿಟ್ಟಿಲ್ಲ. ಜನರೆಲ್ಲ ಇಳಿದ ಮೇಲೆ ಕಿಟಕಿಯಿಂದ ಅದರೊಳಗೆ ಇಣಿಕಿ ನೋಡಿದೆವು. ಮೇಜುಗಳಿದ್ದವು, ಮೇಜಿನ ಸುತ್ತ ಕುರ್ಚಿಗಳಿದ್ದವು. ಊರಿಗೆ ಮರಳಿದ ಮೇಲೆ ಹುಡುಗಿಯು ಮೊದಲು ಹೋದದ್ದು ತೊಂಬತ್ತರ ಹತ್ತಿರ ಬಂದ ನನ್ನ ತಾಯಿಯವರ ಬಳಿಗೆ. “ಮುತ್ತಜ್ಜಿ, ಗಾಡ್ಯಾಗ ಊಟದ ಮೇಜು ಖರೇನ ಐತಿ” ಎಂದು ಅವರ ಕಿವಿಯಲ್ಲಿ ಕೂಗಿ ಹೇಳಿದಳು.